ತೊಲೆಯ ಲೆಕ್ಕ: ಭಾರದಿಂದ ಬಾಗಿನವರೆಗೆ, ಹೆಜ್ಜೆಹೆಜ್ಜೆಗೂ ತಾಳೆ ನೋಡುತ್ತಾ

ಒಂದು ಪ್ಲಾಸ್ಟಿಕ್ ಸ್ಕೇಲ್ ತಗೊಳ್ಳಿ. ಎರಡು ದಪ್ಪ ಪುಸ್ತಕಗಳ ಮೇಲೆ ಅದರ ಎರಡು ತುದಿ ಇಟ್ಟು, ನಡುವೆ ಬೆರಳಿನಿಂದ ಒತ್ತಿ. ಸಲೀಸಾಗಿ ಬಗ್ಗುತ್ತದೆ. ಈಗ ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ ನೋಡಿ. ಬೆರಳು ನೋಯುತ್ತದೆ, ಸ್ಕೇಲ್ ಬಗ್ಗುವುದಿಲ್ಲ. ವಸ್ತು ಅದೇ, ತೂಕ ಅದೇ, ಉದ್ದ ಅದೇ. ಬದಲಾಗಿದ್ದು ನಿಲ್ಲಿಸಿದ ರೀತಿ ಮಾತ್ರ. ಸ್ಕೇಲ್ 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದ್ದರೆ, ಅಂಚಿನ ಮೇಲೆ ನಿಂತಾಗ ಅದು ಸರಿಯಾಗಿ 100 ಪಟ್ಟು ಬಿಗಿ. ಈ 100 ಎಲ್ಲಿಂದ ಬಂತು ಅನ್ನೋದು ಲೇಖನದ ನಡುವೆ ಸಿಗುತ್ತದೆ.

ತೊಲೆಯ ಲೆಕ್ಕ ಅಂದರೆ ಸೂತ್ರಗಳ ಪಟ್ಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. "ಡಬ್ಲ್ಯೂ ಎಲ್ ಸ್ಕ್ವೇರ್ ಬೈ ಏಟ್" ಅಂತ ಬಾಯಿಪಾಠ ಮಾಡಿಕೊಂಡು, ಸಿಕ್ಕ ಸಂಖ್ಯೆಗಳನ್ನು ಅದರೊಳಗೆ ಹಾಕುತ್ತಾರೆ. ಉತ್ತರವೇನೋ ಬರುತ್ತದೆ. ಅದು ಸರಿಯೋ ತಪ್ಪೋ ಅಂತ ಹೇಳೋದು ಹೇಗೆ? ನನಗೆ ಮುಖ್ಯ ಅನ್ನಿಸುವುದು ಇದೇ. ಪ್ರತಿ ಹೆಜ್ಜೆಯ ಉತ್ತರವನ್ನೂ ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಆ ಎರಡನೇ ದಾರಿ ಗೊತ್ತಿದ್ದರೆ ತೊಲೆ ನಿಜವಾಗಿಯೂ ಅರ್ಥವಾಯಿತು ಅಂತಲೇ ಲೆಕ್ಕ.

ಹಾಗಾಗಿ ಇಲ್ಲಿ ಒಂದೇ ತೊಲೆ ತಗೊಂಡು, ಮೊದಲಿನಿಂದ ಕೊನೆಯವರೆಗೆ ಹೋಗೋಣ. ಕೂಡುವುದು, ಕಳೆಯುವುದು, ಗುಣಿಸುವುದು ಗೊತ್ತಿದ್ದರೆ ಬಹುಪಾಲು ಸಾಕು. ಒಂದು ಕಡೆ ಮಾತ್ರ ಸ್ವಲ್ಪ ಕಲನ ಬೇಕು.

ಮೊದಲು ಅಳತೆಯ ಘಟಕಗಳು

ಕಲಿಯುವ ದಿನಗಳಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆದವು. ಒಮ್ಮೆ ಮೊಮೆಂಟ್ (ಬಲ × ದೂರ, ಅಂದರೆ ತೊಲೆಯನ್ನು ಬಗ್ಗಿಸುವ ಶಕ್ತಿ) ಕಿಲೋನ್ಯೂಟನ್-ಮೀಟರಿನಲ್ಲಿತ್ತು, ಸೆಕ್ಷನ್ನಿನ (ತೊಲೆಯ ಅಡ್ಡಕೊಯ್ತದ ಆಕಾರದ) ಅಳತೆ ಮಿ.ಮೀ.ನಲ್ಲಿತ್ತು. ಹಾಗೇ ಭಾಗಿಸಿಬಿಟ್ಟೆ. ಸ್ಟ್ರೆಸ್ (ಪ್ರತಿ ಚದರ ಮಿ.ಮೀ.ಗೆ ಬೀಳುವ ಬಲ) ಎಷ್ಟು ಕಡಿಮೆ ಬಂತು ಅಂದರೆ, ಕಾಗದದ ತೊಲೆ ಕೂಡ ಸಾಕು ಅನ್ನುವಷ್ಟು. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ.

ಭಾರ, ರಿಯಾಕ್ಷನ್ (ಆಧಾರ ಮೇಲಕ್ಕೆ ತಳ್ಳುವ ಬಲ), ಮೊಮೆಂಟ್ ತನಕ ಕಿಲೋನ್ಯೂಟನ್ ಮತ್ತು ಮೀಟರ್. ಸ್ಟ್ರೆಸ್ ಮತ್ತು ಬಾಗು ಲೆಕ್ಕ ಹಾಕುವಾಗ ನ್ಯೂಟನ್ ಮತ್ತು ಮಿ.ಮೀ. ದಾಟುವ ಸೇತುವೆ ಎರಡೇ:

1 ಕಿಲೋನ್ಯೂಟನ್-ಮೀಟರ್ = 10,00,000 ನ್ಯೂಟನ್-ಮಿ.ಮೀ.
1 ಕಿಲೋನ್ಯೂಟನ್ ಪ್ರತಿ ಮೀಟರಿಗೆ = 1 ನ್ಯೂಟನ್ ಪ್ರತಿ ಮಿ.ಮೀ.ಗೆ

ಎರಡನೆಯದು ನೋಡಿ, ಸಂಖ್ಯೆ ಬದಲಾಗುವುದೇ ಇಲ್ಲ. ಇನ್ನು ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚೂಕಡಿಮೆ 100 ಕಿಲೋ ತೂಕ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಸಂಖ್ಯೆಗಳು ಕಣ್ಣಿಗೆ ಕಟ್ಟುತ್ತವೆ. ಮುಂದೆ ಕಿಲೋನ್ಯೂಟನ್ ಅನ್ನು 'ಕೆಎನ್' ಅಂತ ಬರೆಯುತ್ತೇನೆ.

ಹೆಜ್ಜೆ 1: ಚಿತ್ರ ಬರೆಯಿರಿ, ಭಾರ ಕೂಡಿಸಿ

ನಮ್ಮ ತೊಲೆ ಉಕ್ಕಿನ ಐ-ಸೆಕ್ಷನ್, ಅಂದರೆ ಅಡ್ಡಕೊಯ್ದರೆ ಇಂಗ್ಲಿಷಿನ I ಅಕ್ಷರದಂತೆ ಕಾಣುವಂಥದ್ದು. ಎರಡು ಆಧಾರಗಳ ನಡುವಿನ ಅಂತರ 4 ಮೀಟರ್. ಎರಡೂ ತುದಿಯಲ್ಲಿ ಸುಮ್ನೆ ಕೂತಿದೆ, ಯಾವ ಕಡೆಯೂ ಬಿಗಿದು ಹಿಡಿದಿಲ್ಲ. ಒಂದು ಆಧಾರ ತಿರುಗಲು ಮಾತ್ರ ಬಿಡುತ್ತದೆ, ಇನ್ನೊಂದು ತಿರುಗಲೂ ಸ್ವಲ್ಪ ಜರುಗಲೂ ಬಿಡುತ್ತದೆ. ಇದನ್ನೇ ಸಿಂಪ್ಲಿ ಸಪೋರ್ಟೆಡ್ ತೊಲೆ ಅನ್ನುತ್ತೇವೆ.

ಇಂಥ ತೊಲೆಗಳು 2 ಮೀಟರಿಗೊಂದರಂತೆ ಸಾಲಾಗಿ ನಿಂತು ಒಂದು ಮಹಡಿಯನ್ನು ಹೊತ್ತಿವೆ ಅನ್ನಿ. ಹಾಗಾದರೆ ಒಂದೊಂದು ತೊಲೆಯ ಪಾಲಿಗೆ ಬರುವ ನೆಲದ ಅಗಲ 2 ಮೀಟರ್, ಈ ಕಡೆ 1 ಮೀಟರ್, ಆ ಕಡೆ 1 ಮೀಟರ್. ನೆಲದ ಸ್ವಂತ ತೂಕ ಚದರ ಮೀಟರಿಗೆ 0.8 ಕೆಎನ್, ಮೇಲೆ ಬರುವ ಜನ-ಸಾಮಾನು 2 ಕೆಎನ್ ಅಂತ ಹಿಡಿಯೋಣ. ಒಟ್ಟು 2.8. ಅದನ್ನು 2 ಮೀಟರಿನಿಂದ ಗುಣಿಸಿದರೆ ತೊಲೆಯ ಪ್ರತಿ ಮೀಟರಿಗೆ 5.6 ಕೆಎನ್.

ತೊಲೆಯ ಸ್ವಂತ ತೂಕ ಮರೆಯಬೇಡಿ. ಉಕ್ಕು ಘನ ಮೀಟರಿಗೆ ಸುಮಾರು 78.5 ಕೆಎನ್ ತೂಗುತ್ತದೆ. ನಮ್ಮ ಸೆಕ್ಷನ್ನಿನ ಅಡ್ಡಕೊಯ್ತದ ವಿಸ್ತೀರ್ಣ 3,080 ಚದರ ಮಿ.ಮೀ. ಅಂದರೆ ಮೀಟರಿಗೆ 0.24 ಕೆಎನ್. ಎರಡೂ ಸೇರಿ 5.84. ಇದನ್ನು 6 ಅಂತ ಮೇಲಕ್ಕೆ ಪೂರ್ಣ ಮಾಡೋಣ. ಸೆಕ್ಷನ್ ಇನ್ನೂ ಗೊತ್ತಿಲ್ಲದಾಗ ಸ್ವಂತ ತೂಕವನ್ನು ಊಹಿಸಿ ಶುರು ಮಾಡಿ, ಕೊನೆಗೆ ಬಂದು ಸರಿಪಡಿಸಬೇಕಾಗುತ್ತದೆ. ಉಕ್ಕಿನಲ್ಲಿ ಈ ತೂಕ ಸಣ್ಣದು. ಕಾಂಕ್ರೀಟಿನಲ್ಲಿ ಹಾಗಲ್ಲ, ಅಲ್ಲಿ ತೊಲೆ ತನ್ನನ್ನು ತಾನು ಹೊರುವುದೇ ದೊಡ್ಡ ಕೆಲಸ.

ಇದರ ಜೊತೆಗೆ, ಎಡ ತುದಿಯಿಂದ 1 ಮೀಟರ್ ದೂರದಲ್ಲಿ ಒಂದು ಕಂಬದ ಬುಡ ಕೂತಿದೆ. ಅದರಿಂದ 12 ಕೆಎನ್ ಬಿಂದು ಭಾರ.

ತಾಳೆ: ಒಟ್ಟು ಭಾರ 6 × 4 + 12 = 36 ಕೆಎನ್. ಈ 36 ಅನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತ ಒಂದು ಗೆರೆ ಹಾಕಿ. ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಆಧಾರಗಳ ಪಾಲು

ಹಂಚಿದ ಭಾರ 24 ಕೆಎನ್, ಸಮನಾಗಿ ಹರಡಿದೆ. ಹಾಗಾಗಿ ಎಡಕ್ಕೆ 12, ಬಲಕ್ಕೆ 12.

ಬಿಂದು ಭಾರ ಎಡಕ್ಕೆ ಹತ್ತಿರ. ಹತ್ತಿರ ಇರುವವರು ಜಾಸ್ತಿ ಹೊರಬೇಕು, ಅಲ್ವಾ? ಎಡ ಆಧಾರದ ಸುತ್ತ ತಿರುಗುವ ಶಕ್ತಿ ಲೆಕ್ಕ ಹಾಕಿ. ಭಾರ 12 × 1 ಮೀಟರ್ = 12. ಅದನ್ನು ತಡೆಯುವುದು ಬಲ ಆಧಾರ, 4 ಮೀಟರ್ ದೂರದಲ್ಲಿ. 12 ÷ 4 = 3. ಬಲಕ್ಕೆ 3 ಕೆಎನ್, ಉಳಿದ 9 ಎಡಕ್ಕೆ.

ಎಡ ರಿಯಾಕ್ಷನ್ = 12 + 9 = 21 ಕೆಎನ್
ಬಲ ರಿಯಾಕ್ಷನ್ = 12 + 3 = 15 ಕೆಎನ್

ತಾಳೆ: 21 + 15 = 36. ಮೂಲೆಯಲ್ಲಿ ಬರೆದ ಸಂಖ್ಯೆಯೇ ಬಂತು. ಆದರೆ ಈ ತಾಳೆ ಒಂದೇ ಸಾಲದು. ಎಡ-ಬಲ ಅದಲುಬದಲಾದರೂ ಮೊತ್ತ 36 ಬರುತ್ತದೆ. ಹಾಗಾಗಿ ಚಿತ್ರ ನೋಡಿ ಕೇಳಿಕೊಳ್ಳಿ, ಭಾರ ಇರುವ ಕಡೆಗೇ ದೊಡ್ಡ ಸಂಖ್ಯೆ ಬಂದಿದೆಯಾ ಅಂತ.

ಹೆಜ್ಜೆ 3: ಶಿಯರ್

ತೊಲೆಯನ್ನು ಒಂದು ಕಡೆ ಗರಗಸದಿಂದ ಕೊಯ್ದಿದ್ದೀರಿ ಅಂತ ಊಹಿಸಿ. ಎಡ ತುಂಡು ಬಿದ್ದುಹೋಗದೆ ಅಲ್ಲೇ ನಿಲ್ಲಬೇಕಾದರೆ, ಕೊಯ್ದ ಮುಖದಲ್ಲಿ ಎಷ್ಟು ಲಂಬ ಬಲ ಬೇಕು? ಅದೇ ಶಿಯರ್. ಎಡದಿಂದ ನಡೆಯುತ್ತಾ ಹೋಗಿ. ಮೇಲಕ್ಕೆ ತಳ್ಳುವುದನ್ನು ಕೂಡಿಸಿ, ಕೆಳಕ್ಕೆ ಒತ್ತುವುದನ್ನು ಕಳೆಯಿರಿ.

ಎಡ ಆಧಾರದ ಮೇಲೆ: 21
1 ಮೀಟರ್ ನಡೆದಾಗ, ಬಿಂದು ಭಾರಕ್ಕೆ ಸ್ವಲ್ಪ ಮೊದಲು: 21 − 6 = 15
ಬಿಂದು ಭಾರ ದಾಟಿದ ಮೇಲೆ: 15 − 12 = 3
ಬಲ ಆಧಾರದ ಹತ್ತಿರ: 3 − 6 × 3 = −15

ತಾಳೆ: ಕೊನೆಯ −15ಕ್ಕೆ ಬಲ ರಿಯಾಕ್ಷನ್ 15 ಸೇರಿದರೆ ಸೊನ್ನೆ. ನಕ್ಷೆ ಮುಚ್ಚಿಕೊಂಡಿತು. ಮುಚ್ಚಿಕೊಳ್ಳದಿದ್ದರೆ ಮುಂದೆ ಹೋಗಬೇಡಿ.

ಇಲ್ಲಿ ಒಂದು ವಿಷಯ ಗಮನಿಸಿ. ಶಿಯರ್ 3ರಿಂದ −15ಕ್ಕೆ ಇಳಿಯುವಾಗ ನಡುವೆ ಎಲ್ಲೋ ಸೊನ್ನೆ ದಾಟುತ್ತದೆ. 3 ಕೆಎನ್ ಕರಗಲು ಮೀಟರಿಗೆ 6ರಂತೆ ಅರ್ಧ ಮೀಟರ್ ಬೇಕು. ಅಂದರೆ ಎಡದಿಂದ 1.5 ಮೀಟರ್. ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಇರುವುದು ಅಲ್ಲೇ, ತೊಲೆಯ ನಡುವೆಯೂ ಅಲ್ಲ, ಬಿಂದು ಭಾರದ ಕೆಳಗೂ ಅಲ್ಲ.

ಹೆಜ್ಜೆ 4: ಬೆಂಡಿಂಗ್ ಮೊಮೆಂಟ್

ಕೊಯ್ದ ಜಾಗದಲ್ಲಿ ನಿಂತು ಎಡಕ್ಕೆ ನೋಡಿ. ಪ್ರತಿ ಬಲವನ್ನೂ ನಿಮ್ಮಿಂದ ಅದಕ್ಕಿರುವ ದೂರದಿಂದ ಗುಣಿಸಿ ಕೂಡಿಸಿ. 1.5 ಮೀಟರಿನಲ್ಲಿ:

ರಿಯಾಕ್ಷನ್: 21 × 1.5 = 31.5
ಹಂಚಿದ ಭಾರ: 6 × 1.5 = 9 ಕೆಎನ್, ಅದರ ನಡುಬಿಂದು 0.75 ಮೀಟರ್ ದೂರ, 9 × 0.75 = 6.75
ಬಿಂದು ಭಾರ: 12 × 0.5 = 6

31.5 − 6.75 − 6 = 18.75 ಕೆಎನ್-ಮೀಟರ್

ತಾಳೆ: ಈಗ ಬಲಕ್ಕೆ ತಿರುಗಿ ನೋಡಿ. 15 × 2.5 = 37.5. ಆ ಕಡೆಯ ಹಂಚಿದ ಭಾರ 6 × 2.5 = 15, ದೂರ 1.25, ಗುಣಿಸಿದರೆ 18.75. ಕಳೆದರೆ 18.75. ಎರಡು ಕಡೆಯಿಂದಲೂ ಒಂದೇ ಉತ್ತರ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಬಲಗಡೆಯ ಲೆಕ್ಕದಲ್ಲಿ ಬಿಂದು ಭಾರ ನೇರವಾಗಿ ಬರಲೇ ಇಲ್ಲ, ಆದರೂ ಉತ್ತರ ಕೂಡಿಬಂತು.

ಇಲ್ಲಿ ತುಂಬಾ ಜನ ಹಿಡಿಯುವ ಅಡ್ಡದಾರಿ ಒಂದಿದೆ. ಹಂಚಿದ ಭಾರದ ಸೂತ್ರ, ಭಾರ × ಉದ್ದ² ÷ 8: ಅದರಿಂದ 12 ಬರುತ್ತದೆ. ಬಿಂದು ಭಾರದ ಸೂತ್ರ, ಭಾರ × ಎಡ ದೂರ × ಬಲ ದೂರ ÷ ಉದ್ದ: ಅದರಿಂದ 9. ಕೂಡಿಸಿ 21 ಅಂದುಬಿಡುತ್ತಾರೆ. ಆದರೆ 12 ಸಿಗುವುದು ತೊಲೆಯ ನಡುವೆ, 9 ಸಿಗುವುದು ಬಿಂದು ಭಾರದ ಕೆಳಗೆ. ಬೇರೆಬೇರೆ ಜಾಗದ ಗರಿಷ್ಠಗಳನ್ನು ಕೂಡಿಸುವ ಹಾಗಿಲ್ಲ. ಉತ್ತರ ಸುರಕ್ಷಿತ ಕಡೆಗೇ ಇದೆ, ನಿಜ. ಬೇಗ ಅಂದಾಜು ಮಾಡಲು ನಾನೂ ಹೀಗೆ ಕೂಡಿಸುತ್ತೇನೆ. ಆದರೆ ಅದು ಅಂದಾಜು ಅಂತ ಗೊತ್ತಿರಬೇಕು.

ಹೆಜ್ಜೆ 5: ಸೆಕ್ಷನ್ನಿನ ಗುಣ

ಈಗ ಸ್ಕೇಲಿಗೆ ವಾಪಸ್ ಬರೋಣ.

ತೊಲೆ ಕೆಳಕ್ಕೆ ಬಾಗಿದಾಗ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನ ಪದರ ಹಿಗ್ಗುತ್ತದೆ. ನಡುವೆ ಒಂದು ಪದರ ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಅದು ತಟಸ್ಥ ಅಕ್ಷ. ಅಕ್ಷದಿಂದ ದೂರ ಇರುವ ವಸ್ತು ಎರಡು ರೀತಿ ಕೆಲಸಕ್ಕೆ ಬರುತ್ತದೆ. ಅದು ಹೆಚ್ಚು ಹಿಗ್ಗುವುದರಿಂದ ಹೆಚ್ಚು ಬಲ ಹುಟ್ಟಿಸುತ್ತದೆ. ಜೊತೆಗೆ ಆ ಬಲಕ್ಕೆ ಸನ್ನೆಯ ತೋಳೂ ಉದ್ದ. ಹಾಗಾಗಿ ದೂರದ ವರ್ಗ ಬರುತ್ತದೆ. ಎಲ್ಲ ಕಡೆಯ ವಿಸ್ತೀರ್ಣವನ್ನೂ ಅದರ ದೂರದ ವರ್ಗದಿಂದ ಗುಣಿಸಿ ಕೂಡಿಸಿದರೆ ಸಿಗುವುದೇ ಮೊಮೆಂಟ್ ಆಫ್ ಇನರ್ಶಿಯಾ. ಎಂಜಿನಿಯರುಗಳು ಬರೀ 'ಐ' ಅನ್ನುತ್ತಾರೆ.

ಆಯತಾಕಾರಕ್ಕೆ: ಐ = ಅಗಲ × ಎತ್ತರ³ ÷ 12

ಸ್ಕೇಲ್ ಮಲಗಿದಾಗ 30 × 3³, ನಿಂತಾಗ 3 × 30³. ಭಾಗಿಸಿ ನೋಡಿ, 100. ಬಿಗಿತದ ಗುಟ್ಟು ಎತ್ತರದ ಘನದಲ್ಲಿದೆ.

ನಮ್ಮ ಐ-ಸೆಕ್ಷನ್ನಿನ ಒಟ್ಟು ಎತ್ತರ 200 ಮಿ.ಮೀ. ಮೇಲೆ ಕೆಳಗೆ ಇರುವ ಅಡ್ಡ ಪಟ್ಟಿಗೆ ಫ್ಲಾಂಜ್ ಅನ್ನುತ್ತಾರೆ, ಅದು 100 ಮಿ.ಮೀ. ಅಗಲ, 10 ಮಿ.ಮೀ. ದಪ್ಪ. ಅವೆರಡನ್ನೂ ಜೋಡಿಸುವ ನಡುವಿನ ನಿಂತ ಪಟ್ಟಿ ವೆಬ್, ಅದು 6 ಮಿ.ಮೀ. ದಪ್ಪ. ಇಡೀ ಆಯತದಿಂದ ಎರಡು ಬದಿಯ ಖಾಲಿ ಜಾಗ ಕಳೆಯೋಣ. ವೆಬ್ 6 ಆದ್ದರಿಂದ ಖಾಲಿ ಅಗಲ 94, ಎತ್ತರ 180.

ಐ = (100 × 200³ − 94 × 180³) ÷ 12 = 2,09,82,667 ಮಿ.ಮೀ.⁴

ತಾಳೆ: ಈಗ ತುಂಡುತುಂಡಾಗಿ ಕೂಡಿಸಿ. ಒಂದು ಫ್ಲಾಂಜಿನ ವಿಸ್ತೀರ್ಣ 1,000, ಅದರ ನಡುಬಿಂದು ಅಕ್ಷದಿಂದ 95 ಮಿ.ಮೀ. ದೂರ. ಎರಡು ಫ್ಲಾಂಜಿಗೆ 2 × 1,000 × 95² = 1,80,50,000. ವೆಬ್‌ಗೆ 6 × 180³ ÷ 12 = 29,16,000. ಫ್ಲಾಂಜುಗಳ ಸ್ವಂತದ್ದು ಬರೀ 16,667. ಮೊತ್ತ 2,09,82,667. ಕೊನೆಯ ಅಂಕಿಯವರೆಗೂ ಕೂಡಿತು.

ಈ ಎರಡನೇ ದಾರಿ ತಾಳೆಗಷ್ಟೇ ಅಲ್ಲ, ಕಣ್ಣು ತೆರೆಸಲೂ ಬೇಕು. ವೆಬ್‌ನಲ್ಲಿ ಇಡೀ ಉಕ್ಕಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದೆ, ಆದರೆ ಐ ಗೆ ಅದು ಕೊಡುವುದು ಶೇ. 14 ಮಾತ್ರ. ಹಾಗಂತ ವೆಬ್ ದಂಡ ಅಲ್ಲ. ಶಿಯರನ್ನು ಹೊರುವುದು ಅದೇ. ಫ್ಲಾಂಜುಗಳನ್ನು ದೂರ ಹಿಡಿದಿಟ್ಟಿರುವುದೂ ಅದೇ.

ಹೆಜ್ಜೆ 6: ಸ್ಟ್ರೆಸ್

ಐ ಅನ್ನು ಅಕ್ಷದಿಂದ ತುದಿಯವರೆಗಿನ ದೂರದಿಂದ, ಅಂದರೆ 100 ಮಿ.ಮೀ.ನಿಂದ, ಭಾಗಿಸಿದರೆ ಸೆಕ್ಷನ್ ಮಾಡ್ಯುಲಸ್: 2,09,827 ಮಿ.ಮೀ.³

ಸ್ಟ್ರೆಸ್ = ಮೊಮೆಂಟ್ ÷ ಸೆಕ್ಷನ್ ಮಾಡ್ಯುಲಸ್ = 1,87,50,000 ÷ 2,09,827 = 89.4 ನ್ಯೂಟನ್ ಪ್ರತಿ ಚದರ ಮಿ.ಮೀ.ಗೆ

ತಾಳೆ: ವೆಬ್ ಇಲ್ಲ ಅಂದುಕೊಳ್ಳಿ. ಮೊಮೆಂಟ್ ಪೂರ್ತಿ ಎರಡು ಫ್ಲಾಂಜುಗಳ ನಡುವಿನ ಜಗ್ಗಾಟ. ಅವುಗಳ ನಡುಬಿಂದುಗಳ ಅಂತರ 190 ಮಿ.ಮೀ., ಅಂದರೆ 0.19 ಮೀಟರ್. 18.75 ÷ 0.19 = 98.7 ಕೆಎನ್. ಇದನ್ನು ಒಂದು ಫ್ಲಾಂಜಿನ 1,000 ಚದರ ಮಿ.ಮೀ.ಗೆ ಹಂಚಿದರೆ 98.7. ನಿಖರ ಉತ್ತರಕ್ಕಿಂತ ಶೇ. 10ರಷ್ಟು ಹೆಚ್ಚು. ವೆಬ್‌ನ ಸಹಾಯ ಬಿಟ್ಟಿದ್ದರಿಂದ ಹೆಚ್ಚೇ ಬರಬೇಕಿತ್ತು. ಸರಿಯಾಗಿದೆ.

ಆ 98.7 ಕೆಎನ್ ಮೇಲೆ ಒಂದು ಗಳಿಗೆ ನಿಲ್ಲಿ. ತೊಲೆಯ ಮೇಲಿನ ಒಟ್ಟು ಭಾರ 36 ಕೆಎನ್, ಮೂರೂವರೆ ಟನ್ನಿನ ಆಸುಪಾಸು. ಆದರೆ ಕೆಳಗಿನ ಫ್ಲಾಂಜನ್ನು ಒಳಗಿಂದ ಹತ್ತು ಟನ್ ಹತ್ತಿರದ ಬಲ ಎಳೆಯುತ್ತಿದೆ. ಉದ್ದ ತೊಲೆಯ ಸನ್ನೆ ಇಂಥದ್ದು. ಪೈಪ್ ಹಾಯಿಸಲು ಅಂತ ನಡುವಿನ ಜಾಗದಲ್ಲಿ ಕೆಳಗಿನ ಫ್ಲಾಂಜಿಗೆ ಕತ್ತರಿ ಹಾಕುವವರಿಗೆ ಈ ಸಂಖ್ಯೆ ತೋರಿಸಬೇಕು.

ಸಾಮಾನ್ಯ ಉಕ್ಕು ಸೋಲಲು ಶುರುವಾಗುವುದು ಚದರ ಮಿ.ಮೀ.ಗೆ 250 ನ್ಯೂಟನ್ ಹತ್ತಿರ. ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಬಳಸೋಣ ಅಂದರೂ 165 ಸಿಗುತ್ತದೆ. ನಮ್ಮ 89 ಆರಾಮಾಗಿ ಒಳಗಿದೆ. ಈಗಿನ ಕಟ್ಟಡ ವಿನ್ಯಾಸದ ಸಂಹಿತೆಗಳಲ್ಲಿ ಬೇರೆ ದಾರಿಯೂ ಉಂಟು: ಭಾರವನ್ನೇ 1.5ರಂಥ ಸಂಖ್ಯೆಯಿಂದ ಗುಣಿಸಿ, ಉಕ್ಕಿನ ಪೂರ್ತಿ ಸಾಮರ್ಥ್ಯದ ಹತ್ತಿರಕ್ಕೆ ಹೋಲಿಸುವುದು. ಯಾವುದಾದರೂ ಒಂದನ್ನು ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಶಿಯರ್ ಬೇಗ ಮುಗಿಯುತ್ತದೆ. 21,000 ನ್ಯೂಟನ್ ಅನ್ನು ವೆಬ್‌ನ 200 × 6 = 1,200ರಿಂದ ಭಾಗಿಸಿದರೆ 17.5. ತುಂಬಾ ಕಡಿಮೆ. ಆಯತಾಕಾರದ ಮರದ ತೊಲೆಯಾದರೆ ಸರಾಸರಿಯ ಒಂದೂವರೆ ಪಟ್ಟು ತಗೊಳ್ಳಿ. ಗಿಡ್ಡ ತೊಲೆಯ ಮೇಲೆ ಭಾರಿ ತೂಕ ಇದ್ದಾಗ ಶಿಯರ್ ನಿಜವಾದ ಚಿಂತೆ.

ಒಂದು ಹಳೆಯ ಕಥೆ ಇಲ್ಲಿ ಹೇಳಬೇಕು. ಗೋಡೆಯಿಂದ ಹೊರಚಾಚಿದ ಮರದ ತೊಲೆ ಎಷ್ಟು ಹೊರುತ್ತದೆ ಅನ್ನುವ ಲೆಕ್ಕವನ್ನು ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ. ಕೆಳಗಿನ ಅಂಚು ತಿರುಗಣೆಯಂತೆ, ಅದರ ಮೇಲಿನ ಎಲ್ಲ ನಾರುಗಳೂ ಒಂದೇ ಸಮ ಎಳೆಯುತ್ತವೆ ಅಂತ ಹಿಡಿದ. ಸಾಮರ್ಥ್ಯ ಎತ್ತರದ ವರ್ಗದಂತೆ ಏರುತ್ತದೆ ಅನ್ನುವುದನ್ನು ಸರಿಯಾಗಿ ಕಂಡುಕೊಂಡ. ಆದರೆ ಒಟ್ಟು ಸಾಮರ್ಥ್ಯ ಮೂರು ಪಟ್ಟು ಹೆಚ್ಚು ಬಂತು. ಅಗಲ × ಎತ್ತರ² ಅನ್ನು 6ರಿಂದ ಭಾಗಿಸಬೇಕಾದ ಕಡೆ ಅವನ ಲೆಕ್ಕದಲ್ಲಿ 2 ಬಂದಿತ್ತು. ನಡುವಿನ ಪದರ ತಟಸ್ಥ ಅನ್ನುವುದು ಸ್ಪಷ್ಟವಾಗಿ, ಎಲ್ಲರೂ ಬಳಸುವ ರೂಪಕ್ಕೆ ಬರಲು 1826ರಲ್ಲಿ ಫ್ರೆಂಚ್ ಎಂಜಿನಿಯರ್ ನಾವಿಯೆ ಬರುವ ತನಕ ಕಾಯಬೇಕಾಯಿತು. ಇಂದು ನಾವು ಎರಡೇ ಸಾಲಲ್ಲಿ ಮಾಡುವ ಭಾಗಾಕಾರದ ಹಿಂದೆ ಇನ್ನೂರು ವರ್ಷದ ದುಡಿಮೆ ಇದೆ. ನನಗೆ ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಹೆಜ್ಜೆ 7: ಬಾಗು

ತೊಲೆ ಮುರಿಯಲಿಲ್ಲ ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜಾಸ್ತಿ ಜೋಲಿದರೆ ಕೆಳಗಿನ ಗಾರೆ ಬಿರುಕು ಬಿಡುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ, ನಡೆದಾಡಿದರೆ ನೆಲ ಕುಣಿಯುತ್ತದೆ.

ಇಲ್ಲಿ ವಸ್ತುವಿನ ಬಿಗಿತ, ಯಂಗ್ಸ್ ಮಾಡ್ಯುಲಸ್, ಬೇಕು. ಅದನ್ನು 'ಇ' ಅನ್ನೋಣ. ಉಕ್ಕಿಗೆ ಚದರ ಮಿ.ಮೀ.ಗೆ 2,00,000 ನ್ಯೂಟನ್. ಅಲ್ಯೂಮಿನಿಯಂಗೆ 70,000. ಕಟ್ಟಡದ ಮರಗಳಿಗೆ ಹೆಚ್ಚಾಗಿ 8,000ದಿಂದ 14,000. ಉಕ್ಕಿನ ಸಂಖ್ಯೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಹೆಚ್ಚು ಸಾಮರ್ಥ್ಯದ ಉಕ್ಕು ತಂದರೂ ಇ ಬದಲಾಗುವುದಿಲ್ಲ. ಬಾಗು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಜೋಲುವ ತೊಲೆಗೆ ದುಬಾರಿ ಉಕ್ಕು ಮದ್ದಲ್ಲ. ಎತ್ತರ ಮದ್ದು.

ಎರಡು ಸಿದ್ಧ ಸೂತ್ರಗಳು, ಎರಡೂ ತೊಲೆಯ ನಡುವಿನ ಬಾಗಿಗೆ:

ಹಂಚಿದ ಭಾರಕ್ಕೆ: 5 × ಭಾರ × ಉದ್ದ⁴ ÷ (384 × ಇ × ಐ)
ಬಿಂದು ಭಾರಕ್ಕೆ: ಭಾರ × ದೂರ × (3 × ಉದ್ದ² − 4 × ದೂರ²) ÷ (48 × ಇ × ಐ)

ಎರಡನೆಯದರಲ್ಲಿ ದೂರ ಅಂದರೆ ಭಾರಕ್ಕೆ ಹತ್ತಿರದ ಆಧಾರದಿಂದ ಇರುವ ದೂರ. ಇ × ಐ ಅನ್ನು ಕೊನೆಗೆ ಬಿಟ್ಟು, ಮೊದಲು ಮೀಟರಿನಲ್ಲೇ ಮೇಲಿನ ಭಾಗ ಲೆಕ್ಕ ಹಾಕಿ.

ಹಂಚಿದ ಭಾರ: 5 × 6 × 256 ÷ 384 = 20
ಬಿಂದು ಭಾರ: 12 × 1 × (48 − 4) ÷ 48 = 11

ಇವೆರಡೂ ಒಂದೇ ಜಾಗದ ಬಾಗು. ಹಾಗಾಗಿ ಇಲ್ಲಿ ಕೂಡಿಸಬಹುದು: 31. ಇದರ ಘಟಕ ಕೆಎನ್-ಮೀಟರ್³. ಇ × ಐ ಅನ್ನು ಕೆಎನ್-ಮೀಟರ್²ಗೆ ತಂದರೆ 4,197. ಈಗ 31 ÷ 4,197 = 0.00739 ಮೀಟರ್, ಅಂದರೆ 7.4 ಮಿ.ಮೀ.

ತಾಳೆ ಎರಡು ರೀತಿ. ಮೊದಲನೆಯದು ಅಂದಾಜಿನದು. ಗರಿಷ್ಠ ಮೊಮೆಂಟ್ ಗೊತ್ತಿದ್ದರೆ 5 × ಮೊಮೆಂಟ್ × ಉದ್ದ² ÷ 48 ಮಾಡಿ. 5 × 18.75 × 16 ÷ 48 = 31.25. ಎಷ್ಟು ಹತ್ತಿರ ನೋಡಿ! ಭಾರ ಬಹುಪಾಲು ಹರಡಿಕೊಂಡಿರುವ ಸಿಂಪ್ಲಿ ಸಪೋರ್ಟೆಡ್ ತೊಲೆಗೆ ಈ ಅಂದಾಜು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡನೆಯದು ಬೇರಿನಿಂದ ಬರುವುದು. ಯಾವ ಜಾಗದಲ್ಲೇ ಆಗಲಿ, ತೊಲೆಯ ವಕ್ರತೆ ಅಲ್ಲಿನ ಮೊಮೆಂಟನ್ನು ಇ × ಐ ಇಂದ ಭಾಗಿಸಿದಷ್ಟು. ಮೊಮೆಂಟನ್ನು ಒಮ್ಮೆ ಅನುಕಲಿಸಿದರೆ ಓರೆ, ಇನ್ನೊಮ್ಮೆ ಅನುಕಲಿಸಿದರೆ ಬಾಗು. ಎಡದಿಂದ ದೂರವನ್ನು 'ದ' ಅಂತ ಕರೆಯೋಣ. ನಮ್ಮ ಮೊಮೆಂಟ್:

21ದ − 3ದ² − 12(ದ − 1)

ಕೊನೆಯ ಆವರಣಕ್ಕೆ ಒಂದು ಕರಾರು. ಒಳಗಿನ ಬೆಲೆ ಋಣವಾದರೆ ಅದನ್ನು ಸೊನ್ನೆ ಅಂತ ಹಿಡಿಯಬೇಕು. ಅನುಕಲಿಸುವಾಗ ಆವರಣವನ್ನು ಬಿಡಿಸಬಾರದು, ಇಡಿಯಾಗಿ ಇಟ್ಟುಕೊಳ್ಳಬೇಕು. 1919ರಲ್ಲಿ ಮೆಕಾಲೆ ಅನ್ನುವ ಗಣಿತಜ್ಞ ತೋರಿಸಿದ ಉಪಾಯ ಇದು. ತೊಲೆಯನ್ನು ತುಂಡು ಮಾಡಿ ಬೇರೆಬೇರೆ ಸಮೀಕರಣ ಬರೆಯುವ ತಾಪತ್ರಯ ಇದರಿಂದ ತಪ್ಪುತ್ತದೆ. ಎರಡು ಸಲ ಅನುಕಲಿಸಿ, ಕೆಳಮುಖ ಬಾಗನ್ನು ಧನ ಅಂತ ಹಿಡಿದರೆ:

ಇ × ಐ × ಬಾಗು = ಕ × ದ − 3.5ದ³ + 0.25ದ⁴ + 2(ದ − 1)³

ಇಲ್ಲಿ 'ಕ' ಅಂದರೆ ಅನುಕಲಿಸುವಾಗ ಬರುವ, ಇನ್ನೂ ಗೊತ್ತಿಲ್ಲದ ಸ್ಥಿರಾಂಕ. ಎಡ ಆಧಾರದಲ್ಲಿ ದ ಸೊನ್ನೆ, ಬಾಗೂ ಸೊನ್ನೆ. ಬಲ ಆಧಾರದಲ್ಲಿ ದ 4, ಅಲ್ಲೂ ಬಾಗು ಸೊನ್ನೆ ಇರಬೇಕು. 4ಕ − 224 + 64 + 54 = 0. ಅಂದರೆ ಕ = 26.5.

ಈಗ ದ = 2 ಹಾಕಿ: 53 − 28 + 4 + 2 = 31. ಸಿದ್ಧ ಸೂತ್ರಗಳು ಕೊಟ್ಟ ಅದೇ 31.

ಗರಿಷ್ಠ ಬಾಗು ನಿಜವಾಗಿ ನಡುವೆ ಇಲ್ಲ, ಸ್ವಲ್ಪ ಎಡಕ್ಕಿದೆ. ಓರೆ ಸೊನ್ನೆಯಾಗುವ ಜಾಗ ಹುಡುಕಿದರೆ 1.917 ಮೀಟರ್ ಸಿಗುತ್ತದೆ. ಅಲ್ಲಿನ ಬೆಲೆ 31.06. ವ್ಯತ್ಯಾಸ ಗಣನೆಗೆ ಬರುವಂಥದ್ದಲ್ಲ. ಸಿಂಪ್ಲಿ ಸಪೋರ್ಟೆಡ್ ತೊಲೆಯ ಮೇಲೆ ಒಂದೇ ಬಿಂದು ಭಾರ ಎಲ್ಲೇ ಕೂತಿರಲಿ, ನಡುವಿನ ಬಾಗಿಗೂ ಗರಿಷ್ಠ ಬಾಗಿಗೂ ಶೇ. 3ರಷ್ಟೂ ವ್ಯತ್ಯಾಸ ಇರುವುದಿಲ್ಲ. ಮೊಮೆಂಟಿನ ವಿಷಯದಲ್ಲಿ ಜಾಗ ಹುಡುಕಲೇಬೇಕು, ಬಾಗಿನ ವಿಷಯದಲ್ಲಿ ನಡುಬಿಂದು ಸಾಕು. ಇದು ನನಗೆ ತುಂಬಾ ಸಮಯ ಉಳಿಸಿದ ಮಾತು.

ಎಷ್ಟು ಬಾಗು ಸೈರಿಸಬಹುದು? ಬಿರುಕು ಬಿಡುವ ಗಾರೆ ಇದ್ದರೆ ಉದ್ದದ 360ನೇ ಒಂದು ಭಾಗ ಅನ್ನುವ ಮಿತಿ ರೂಢಿಯಲ್ಲಿದೆ. ಅದನ್ನು ಹೆಚ್ಚಾಗಿ ಮೇಲೆ ಬರುವ ಭಾರವೊಂದಕ್ಕೇ ಹೋಲಿಸುತ್ತಾರೆ. ನಾವು ಒಟ್ಟು ಭಾರಕ್ಕೇ ಹೋಲಿಸಿ ಬಿಗಿಯಾಗಿ ನೋಡೋಣ. 4,000 ÷ 360 = 11.1 ಮಿ.ಮೀ. ನಮ್ಮದು 7.4. ಪಾಸು. ಬಾಗಿನ ಲೆಕ್ಕಕ್ಕೆ ಯಾವಾಗಲೂ ನಿಜವಾದ ಭಾರ ಹಾಕಿ, 1.5ರಿಂದ ಗುಣಿಸಿದ್ದನ್ನಲ್ಲ.

ಅದೇ ತೊಲೆ ಮರದ್ದಾದರೆ

100 ಮಿ.ಮೀ. ಅಗಲ, 250 ಮಿ.ಮೀ. ಎತ್ತರದ ಮರದ ತೊಲೆ, ಇ 10,000 ಅಂತ ಹಿಡಿಯಿರಿ. ಐ 13,02,08,333. ಉಕ್ಕಿನದ್ದಕ್ಕಿಂತ ಆರು ಪಟ್ಟು ದೊಡ್ಡದು. ಆದರೆ ಇ ಇಪ್ಪತ್ತು ಪಟ್ಟು ಸಣ್ಣದು. ಬಾಗು 23.8 ಮಿ.ಮೀ. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಸ್ಟ್ರೆಸ್ 18, ಅದೂ ಹೆಚ್ಚಿನ ಮರಗಳಿಗೆ ಅತಿಯಾಯಿತು.

ಏನು ಮಾಡೋಣ? ಅಗಲ ಎರಡರಷ್ಟು ಮಾಡಿದರೆ ಬಾಗು ಅರ್ಧ, 11.9. ಮರ ಎರಡರಷ್ಟು ಬೇಕಾಯಿತು, ಆದರೂ ಮಿತಿಯೊಳಗೆ ಬರಲಿಲ್ಲ. ಅದರ ಬದಲು ಎತ್ತರವನ್ನು 325ಕ್ಕೆ ಏರಿಸಿ. ಎತ್ತರ 1.3 ಪಟ್ಟು, ಘನ ಮಾಡಿದರೆ 2.2. ಬಾಗು 10.8ಕ್ಕೆ ಇಳಿಯುತ್ತದೆ. ಸ್ಟ್ರೆಸ್ 10.7. ಮರ ಹೆಚ್ಚಾದದ್ದು ಶೇ. 30 ಮಾತ್ರ. ಸ್ಕೇಲ್ ಹೇಳಿದ ಮಾತೇ ಇಲ್ಲೂ. ಆ 10.7 ಸಾಕೇ ಅನ್ನುವುದನ್ನು ಮರದ ದರ್ಜೆ ನೋಡಿ ತೀರ್ಮಾನಿಸಬೇಕು.

ಉದ್ದವೂ ಹೀಗೇ ಕಾಡುತ್ತದೆ. ಹಂಚಿದ ಭಾರದ ಬಾಗು ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ. 4 ಮೀಟರ್ 5 ಮೀಟರ್ ಆದರೆ ಮೊಮೆಂಟ್ 1.56 ಪಟ್ಟು, ಬಾಗು 2.44 ಪಟ್ಟು. "ಒಂದೇ ಮೀಟರ್ ತಾನೇ" ಅನ್ನುವ ಮಾತು ಕೇಳಿದಾಗ ಈ ಸಂಖ್ಯೆ ಹೇಳಿ.

ಆಧಾರ ಬದಲಾದರೆ

ಒಂದು ತುದಿ ಬಿಗಿದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಅದು ಕ್ಯಾಂಟಿಲಿವರ್. ತುದಿಯ ಬಿಂದು ಭಾರಕ್ಕೆ ಮೊಮೆಂಟ್ ಭಾರ × ಉದ್ದ, ಬಾಗು ಭಾರ × ಉದ್ದ³ ÷ (3 × ಇ × ಐ). ನಡುವೆ ಬಿಂದು ಭಾರ ಇರುವ ಸಿಂಪ್ಲಿ ಸಪೋರ್ಟೆಡ್ ತೊಲೆಯಲ್ಲಿ ಆ 3ರ ಜಾಗದಲ್ಲಿ 48 ಇರುತ್ತದೆ. ಅಂದರೆ ಅದೇ ಉದ್ದಕ್ಕೆ ಕ್ಯಾಂಟಿಲಿವರ್ 16 ಪಟ್ಟು ಹೆಚ್ಚು ಜೋಲುತ್ತದೆ. ಹಂಚಿದ ಭಾರಕ್ಕಾದರೆ ಮೊಮೆಂಟ್ ಭಾರ × ಉದ್ದ² ÷ 2, ಬಾಗು ಭಾರ × ಉದ್ದ⁴ ÷ (8 × ಇ × ಐ). ಎಳೆತ ಇಲ್ಲಿ ಮೇಲಿನ ಕಡೆ. ಕಾಂಕ್ರೀಟಿನಲ್ಲಿ ಕಂಬಿಯನ್ನು ಕೆಳಗೆ ಹಾಕಿದರೆ ಅನಾಹುತ.

ಎರಡೂ ತುದಿ ಪೂರ್ತಿ ಬಿಗಿದರೆ, ಹಂಚಿದ ಭಾರದ ಮೊಮೆಂಟ್ ತುದಿಗಳಲ್ಲಿ ಭಾರ × ಉದ್ದ² ÷ 12, ನಡುವೆ ಭಾರ × ಉದ್ದ² ÷ 24, ಬಾಗು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಪೂರ್ತಿ ಬಿಗಿತ ನಿಜವಾದ ಕಟ್ಟಡದಲ್ಲಿ ಸಿಗುವುದು ಕಷ್ಟ. ಅನುಮಾನ ಇದ್ದರೆ ಬಾಗಿಗೆ ಸಿಂಪ್ಲಿ ಸಪೋರ್ಟೆಡ್ ಅಂತಲೇ ಹಿಡಿಯಿರಿ.

ಈ ಲೆಕ್ಕ ಹೇಳದ ವಿಷಯಗಳು

ಉದ್ದವಾದ, ಕಿರಿದಾದ ಐ-ಸೆಕ್ಷನ್ನಿನ ಮೇಲಿನ ಫ್ಲಾಂಜನ್ನು ಅಡ್ಡಕ್ಕೆ ಯಾರೂ ಹಿಡಿದಿಲ್ಲದಿದ್ದರೆ, ತೊಲೆ ಪಕ್ಕಕ್ಕೆ ಹೊರಳಿ ತಿರುಚಿಕೊಳ್ಳಬಹುದು. ಸ್ಟ್ರೆಸ್ ಮಿತಿಯೊಳಗಿದ್ದರೂ ಆಗುತ್ತದೆ. ಕಾಂಕ್ರೀಟ್ ಬಿರುಕು ಬಿಟ್ಟ ಮೇಲೆ ಅದರ ಐ ಕುಗ್ಗುತ್ತದೆ. ಜೊತೆಗೆ ಕಾಲ ಕಳೆದಂತೆ ಅದು ನಿಧಾನವಾಗಿ ಇನ್ನೂ ಬಾಗುತ್ತಾ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಮೊದಲ ದಿನದ ಎರಡು-ಮೂರು ಪಟ್ಟು ಆಗುವುದುಂಟು. ಮರವೂ ಹಾಗೆಯೇ ಜೋಲುತ್ತಾ ಹೋಗುತ್ತದೆ. ಹಾಗಾಗಿ ಜನ ವಾಸಿಸುವ ಕಟ್ಟಡದ ತೊಲೆಯನ್ನು ಅರ್ಹ ಎಂಜಿನಿಯರ್ ನೋಡಿಯೇ ಮುಂದುವರಿಯಬೇಕು. ನಿಮ್ಮ ಕೈಲೆಕ್ಕ ಅವರ ಜೊತೆ ಕೂತು ಮಾತಾಡಲು, ಅವರ ಸಂಖ್ಯೆಗಳನ್ನು ಓದಲು ಸಹಾಯ ಮಾಡುತ್ತದೆ.

ನೀವೇ ಮಾಡಿ ನೋಡಿ

ಅದೇ ಉಕ್ಕಿನ ತೊಲೆ, ಅದೇ ಹಂಚಿದ ಭಾರ. 12 ಕೆಎನ್ ಬಿಂದು ಭಾರವನ್ನು ಮಾತ್ರ ಸರಿಯಾಗಿ ನಡುವಿಗೆ ಸರಿಸಿ. ಉತ್ತರ ನೋಡದೆ ಹೆಜ್ಜೆ 2ರಿಂದ 7ರವರೆಗೆ ಹೋಗಿ. ಈ ಸಲ ಎರಡು ಸೂತ್ರಗಳ ಮೊಮೆಂಟನ್ನು ಕೂಡಿಸಬಹುದು. ಯಾಕೆ ಅಂತ ಹಾಳೆಯ ಪಕ್ಕದಲ್ಲಿ ಒಂದು ಸಾಲು ಬರೆಯಿರಿ.

ಬರಬೇಕಾದದ್ದು: ರಿಯಾಕ್ಷನ್ ಎರಡೂ ಕಡೆ 18 ಕೆಎನ್. ಗರಿಷ್ಠ ಮೊಮೆಂಟ್ 24 ಕೆಎನ್-ಮೀಟರ್. ಸ್ಟ್ರೆಸ್ 114.4 ನ್ಯೂಟನ್ ಪ್ರತಿ ಚದರ ಮಿ.ಮೀ.ಗೆ. ಬಾಗು 20 + 16 = 36, ಅಂದರೆ 8.6 ಮಿ.ಮೀ. ಇದೇ ಬಾಗನ್ನು 5 × ಮೊಮೆಂಟ್ × ಉದ್ದ² ÷ 48 ಅಂದಾಜಿನಿಂದಲೂ ತೆಗೆಯಿರಿ. 36ರ ಬದಲು 40 ಬರುತ್ತದೆ. ಹಿಂದಿನ ತೊಲೆಯಲ್ಲಿ ಅಷ್ಟು ಹತ್ತಿರ ಬಂದದ್ದು ಇಲ್ಲಿ ಯಾಕೆ ದೂರ ಹೋಯಿತು? ಎರಡು ಮೊಮೆಂಟ್ ನಕ್ಷೆಗಳನ್ನು ಒಂದರ ಕೆಳಗೊಂದು ಬರೆದು, ನಡುವಿನ ಚೂಪನ್ನು ನೋಡಿ.